ಆ ಉದ್ದಾನ ಹುಡುಗನ ಹಿಂದೆ ಐದು ವರ್ಷ

ನನ್ನ ಎತ್ತರ ಐದು ಅಡಿ ಒಂಬತ್ತು ಇಂಚು. ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಓಣಿಯಲ್ಲಿ, ಅಷ್ಟು ಎತ್ತರದ ಹುಡುಗಿ ಇನ್ನೊಬ್ಬಳಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಪಿ.ಟಿ. ಸರ್ ನನ್ನನ್ನು ನೋಡಿದವರೇ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸೇರಿಸಿಕೊಂಡರು. ಸೇರಿಸಿಕೊಂಡು ಒಂದೇ ಮಾತು ಹೇಳಿದರು: "ನೀ ರಿಂಗಿನ ಕೆಳಗ ನಿಂದರು. ಬಾಲ್ ಬಂದ್ರ ಹಿಡಿ. ಹಿಡಿದು ಸಣ್ಣವರ ಕೈಯಾಗ ಕೊಡು. ದೂರಿಂದ ಒಗೀಬ್ಯಾಡ."

ಮೂರು ವರ್ಷ ಹಾಗೇ ಆಡಿದೆ. ಉದ್ದ ಇದ್ದವರು ರಿಂಗಿನ ಕೆಳಗೆ, ಗಿಡ್ಡ ಇದ್ದವರು ಹೊರಗೆ. ಆಟದ ನಿಯಮವೇ ಅದು ಅಂದುಕೊಂಡಿದ್ದೆ.

2006ರ ಬೇಸಿಗೆ. ಪಿಯುಸಿ ಎರಡನೇ ವರ್ಷ ಮುಗಿದಿತ್ತು. ಒಂದು ದಿನ ಬೆಳಿಗ್ಗೆ ಸುಮ್ನೆ ಚಾನೆಲ್ ತಿರುವುತ್ತಿದ್ದಾಗ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ಕಾಣಿಸಿತು. ನೀಲಿ ತಂಡದಲ್ಲಿ ಒಬ್ಬ ಏಳು ಅಡಿ ಎತ್ತರದವನಿದ್ದ. ಕೆಂಚು ಕೂದಲು, ಬೆನ್ನ ಮೇಲೆ 41. ಅವನು ರಿಂಗಿನ ಕೆಳಗೆ ನಿಂತಿರಲಿಲ್ಲ. ಮೂರು ಪಾಯಿಂಟಿನ ಗೆರೆಯ ಆಚೆ ನಿಂತಿದ್ದ. ಅಲ್ಲಿಂದ ಹಾಕಿದರೆ ಎರಡಲ್ಲ, ಮೂರು ಪಾಯಿಂಟ್. ಬಾಲ್ ಬಂತು. ಎತ್ತಿ ಎಸೆದ. ಸೀದಾ ಬಲೆಗೆ.

ನಾನು ಎದ್ದು ನಿಂತುಬಿಟ್ಟೆ.

ಡರ್ಕ್ ನೊವಿಟ್ಸ್ಕಿ. ಜರ್ಮನಿಯ ವೂರ್ಟ್ಸ್‌ಬುರ್ಗ್ ಊರಿನವನು. 1998ರಿಂದ ಡಲ್ಲಾಸ್ ಮಾವೆರಿಕ್ಸ್ ತಂಡದಲ್ಲಿ. ಇಷ್ಟನ್ನು ತಿಳಿದುಕೊಳ್ಳಲು ಸೈಬರ್ ಸೆಂಟರಿಗೆ ಹೋಗಿ ಒಂದು ತಾಸು ಕೂತೆ. ಅವನಿಗೂ ಒಬ್ಬ ಗುರು ಇದ್ದ, ಹೋಲ್ಗರ್ ಗೆಶ್ವಿಂಡ್ನರ್ ಅಂತ. ಉದ್ದನೆಯ ಹುಡುಗನನ್ನು ರಿಂಗಿನ ಕೆಳಗೆ ಕಟ್ಟಿಹಾಕದೆ ದೂರದಿಂದ ಎಸೆಯಲು ಕಲಿಸಿದವನು ಅವನೇ. ಅದನ್ನು ಓದಿದ ಸಂಜೆಯೇ ಮೈದಾನಕ್ಕೆ ಹೋಗಿ ಗೆರೆಯ ಆಚೆ ನಿಂತು ಎಸೆಯಲು ಶುರು ಮಾಡಿದೆ. ಮೊದಲ ದಿನ ಒಂದೂ ಬೀಳಲಿಲ್ಲ.

"ಡಲ್ಲಾಸ್ ಎಲ್ಲೈತಿ?" ಅಂತ ಅವ್ವ ಕೇಳಿದಳು. ಟೆಕ್ಸಾಸ್ ಅಂದೆ. ಅವಳಿಗೆ ಅದೂ ಇದೂ ಒಂದೇ. ನನಗೂ ಅವತ್ತು ಹಾಗೇ ಇತ್ತು. ಮುಂದೆ 2015ರಲ್ಲಿ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, 52ನೆಯವನಾಗಿ ಆರಿಸಿಕೊಂಡಿತಲ್ಲ, ಅದು ಇದೇ ಡಲ್ಲಾಸ್. ಭಾರತದಲ್ಲಿ ಹುಟ್ಟಿದವನೊಬ್ಬ ಹಾಗೆ ಆಯ್ಕೆಯಾದದ್ದು ಅದೇ ಮೊದಲು. ಆ ಸುದ್ದಿ ಓದಿದಾಗ ನಮ್ಮ ಮನೆಗೇ ಯಾರೋ ಬಂದಷ್ಟು ಖುಷಿಯಾಯಿತು.

ಆದರೆ 2006ರ ಮಾತಿಗೆ ಬರುತ್ತೇನೆ. ಆ ಜೂನ್‌ನಲ್ಲಿ ಡಲ್ಲಾಸ್ ಮೊದಲ ಸಲ ಫೈನಲ್‌ಗೆ ಬಂದಿತ್ತು. ಎದುರಿಗೆ ಮಿಯಾಮಿ ಹೀಟ್. ಫೈನಲ್ ಅಂದರೆ ಒಂದೇ ಪಂದ್ಯ ಅಲ್ಲ. ಏಳರಲ್ಲಿ ನಾಲ್ಕು ಗೆದ್ದವರಿಗೆ ಕಪ್. ಡಲ್ಲಾಸ್ ಮೊದಲ ಎರಡೂ ಗೆದ್ದಿತು. ನಾನು 200 ಪುಟದ ಒಂದು ನೋಟ್‌ಬುಕ್ ಕೊಂಡು ತಂದೆ. ಗೆರೆ ಎಳೆದು ಪ್ರತಿ ಪಂದ್ಯದ ಸ್ಕೋರು ಬರೆಯತೊಡಗಿದೆ.

ಮೂರನೇ ಪಂದ್ಯ ನಮ್ಮಲ್ಲಿ ಜೂನ್ 14ರ ಬೆಳಿಗ್ಗೆ ಆರೂವರೆಗೆ. ಆರೂವರೆ ನಿಮಿಷ ಬಾಕಿ ಇರುವಾಗ ಡಲ್ಲಾಸ್ 13 ಪಾಯಿಂಟ್ ಮುಂದೆ. ಇದನ್ನು ಗೆದ್ದರೆ 3-0, ಕಪ್ ಕೈಗೆ ಬಂದ ಹಾಗೆ. ಅಲ್ಲಿಂದ ಮಿಯಾಮಿಯ ಡ್ವೇನ್ ವೇಡ್ ಎದ್ದ. ಆ ಪಂದ್ಯದಲ್ಲಿ ಒಬ್ಬನೇ ಒಟ್ಟು 42 ಪಾಯಿಂಟ್ ಹೊಡೆದ. ಕೊನೆಗೆ 3.4 ಸೆಕೆಂಡ್ ಉಳಿದಿತ್ತು. ಡಲ್ಲಾಸ್ ಎರಡು ಪಾಯಿಂಟ್ ಹಿಂದೆ. ಡರ್ಕ್‌ಗೆ ಎರಡು ಫ್ರೀ ಥ್ರೋ ಸಿಕ್ಕವು.

ಫ್ರೀ ಥ್ರೋ ಅಂದರೆ ಎದುರಿನವರು ಫೌಲ್ ಮಾಡಿದಾಗ ಸಿಗುವ ಎಸೆತ, ಬಿದ್ದರೆ ಒಂದು ಪಾಯಿಂಟ್. 15 ಅಡಿ ದೂರದ ಗೆರೆ. ಯಾರೂ ಅಡ್ಡ ಬರುವ ಹಾಗಿಲ್ಲ. ನೀನು, ಬಾಲ್, ರಿಂಗ್, ಅಷ್ಟೇ. ಮೊದಲನೆಯದು ಬಿತ್ತು. ಎರಡನೆಯದು ರಿಂಗಿಗೆ ಬಡಿದು ಹೊರಗೆ ಬಂತು.

98-96. ಸೋತೆವು. ನಾಲ್ಕನೆಯದೂ ಹೋಯಿತು. ಐದನೆಯದು ಹೆಚ್ಚಿನ ಅವಧಿಗೆ ಹೋಗಿ ಒಂದೇ ಪಾಯಿಂಟಿನಲ್ಲಿ ಕೈಬಿಟ್ಟಿತು. ಆ ಪಂದ್ಯದಲ್ಲಿ ವೇಡ್ ಒಬ್ಬನಿಗೆ 25 ಫ್ರೀ ಥ್ರೋ. ಇಡೀ ಡಲ್ಲಾಸ್ ತಂಡಕ್ಕೂ 25. ನೋಟ್‌ಬುಕ್ಕಿನಲ್ಲಿ ಎರಡನ್ನೂ ಅಕ್ಕಪಕ್ಕ ಬರೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಈಗಲೂ ಆ ಪುಟ ತೆಗೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆರನೆಯ ಪಂದ್ಯ ಡಲ್ಲಾಸ್‌ನಲ್ಲೇ, 95-92. ಎದುರು ತಂಡ ನಮ್ಮ ಅಂಗಳದಲ್ಲಿ ಕುಣಿಯಿತು.

ಅವತ್ತು ನಾನು ಊಟ ಮಾಡಲಿಲ್ಲ. ಅವ್ವ ಎರಡು ಸಲ ಕರೆದಳು. ಮೂರನೇ ಸಲ ತಾಟು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. "ಸಣ್ಣ ಹುಡುಗ ಅದಾನಲ್ಲ, ಇನ್ನೂ ಆಡ್ತಾನ ಬಿಡು" ಅಂದಳು. ಅವನಿಗೆ ಆಗ 28 ವರ್ಷ.

ಮರುದಿನದಿಂದ ಒಂದು ಕೆಲಸ ಹಿಡಿದೆ. ದಿನಾ ಸಂಜೆ 50 ಫ್ರೀ ಥ್ರೋ. ನಮ್ಮ ಮೈದಾನ ಕೆಂಪು ಮಣ್ಣಿನದು. ಗೆರೆ ಹಾಕಲು ಸುಣ್ಣದ ಪುಡಿ. ಮಳೆ ಬಂದರೆ ಗೆರೆ ಹೋಗುತ್ತಿತ್ತು. ಬೋರ್ಡಿನಿಂದ ಆರು ಹೆಜ್ಜೆ ಎಣಿಸಿ ಹಿಮ್ಮಡಿಯಿಂದ ಮಣ್ಣು ಗೀರಿ ಅಲ್ಲಿ ನಿಲ್ಲುತ್ತಿದ್ದೆ. ಮಳೆಗಾಲದಲ್ಲಿ ಬಾಲಿಗೆ ಮಣ್ಣು ಅಂಟಿ ಅರ್ಧ ಕಿಲೋ ಭಾರ ಹೆಚ್ಚಾದಂತೆ ಅನ್ನಿಸುತ್ತಿತ್ತು. ಚೂಡಿದಾರದ ಅಂಚಿಗೆ ಒರೆಸಿ ಮತ್ತೆ ಎಸೆಯುವುದು. ಅವ್ವನಿಗೆ ಬಟ್ಟೆ ತೊಳೆಯುವ ಕೆಲಸ ಜಾಸ್ತಿಯಾಯಿತು, ಆದರೂ ಏನೂ ಅನ್ನಲಿಲ್ಲ.

2007ರಲ್ಲಿ ಇನ್ನೊಂದು ಪೆಟ್ಟು ಬಿತ್ತು. 82 ಪಂದ್ಯಗಳಲ್ಲಿ 67 ಗೆದ್ದು ಎಲ್ಲರಿಗಿಂತ ಮೇಲಿದ್ದ ಡಲ್ಲಾಸ್, ಮೊದಲ ಸುತ್ತಿನಲ್ಲೇ ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್‌ಗೆ ಸೋತಿತು. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಡರ್ಕ್‌ಗೆ ಬಂತು. ಆದರೆ ಅದನ್ನು ಕೈಗೆ ಕೊಡುವ ಹೊತ್ತಿಗೆ ಅವನ ತಂಡ ಮನೆಗೆ ಹೋಗಿಯಾಗಿತ್ತು. ಕಪ್ಪು ಸೂಟು ಹಾಕಿಕೊಂಡು ಪ್ರಶಸ್ತಿ ಹಿಡಿದು ನಿಂತ ಅವನ ಫೋಟೋ ನೋಡಿದೆ. ಮುಖದಲ್ಲಿ ಖುಷಿ ಅನ್ನುವುದು ಇರಲಿಲ್ಲ. "ಇವ ಮೆತ್ತಗಿನ ಆಳು, ದೊಡ್ಡ ಪಂದ್ಯ ಬಂದ್ರೆ ಕೈಕೊಡ್ತಾನೆ" ಅಂತ ಎಲ್ಲರೂ ಬರೆಯತೊಡಗಿದರು. ನಾನು ಸೈಬರ್ ಸೆಂಟರಿನಲ್ಲಿ ಅದನ್ನೆಲ್ಲ ಓದಿ ಕಣ್ಣು ಒರೆಸಿಕೊಂಡು ಹೊರಗೆ ಬರುತ್ತಿದ್ದೆ.

ಮುಂದಿನ ಮೂರು ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಯಾವ ವರ್ಷವೂ ಎರಡನೇ ಸುತ್ತು ದಾಟಲಿಲ್ಲ. ನಾನು ಬಿಎಸ್‌ಸಿ ಮುಗಿಸಿದೆ, ಬಿಎಡ್ ಮಾಡಿದೆ, ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದೆ. 2010ರ ಜುಲೈನಲ್ಲಿ ಲೆಬ್ರಾನ್ ಜೇಮ್ಸ್ ಮತ್ತು ಕ್ರಿಸ್ ಬಾಶ್ ಇಬ್ಬರೂ ವೇಡ್ ಜೊತೆ ಮಿಯಾಮಿಗೆ ಸೇರಿದರು. ಇನ್ನು ಕೆಲವು ವರ್ಷ ಬೇರೆಯವರಿಗೆ ಕಪ್ ಇಲ್ಲ ಅಂತಲೇ ಲೋಕ ಮಾತಾಡಿತು. ಡರ್ಕ್‌ಗೆ 32 ತುಂಬಿತ್ತು. 2006ರ ತಂಡದಲ್ಲಿ ಉಳಿದಿದ್ದವರು ಇಬ್ಬರೇ. ಡರ್ಕ್, ಮತ್ತೆ ಜೇಸನ್ ಟೆರಿ.

2011ರ ಏಪ್ರಿಲ್. ಮೊದಲ ಸುತ್ತು, ಪೋರ್ಟ್‌ಲ್ಯಾಂಡ್ ಎದುರು. ನಾಲ್ಕನೇ ಪಂದ್ಯದಲ್ಲಿ 23 ಪಾಯಿಂಟ್ ಮುಂದಿದ್ದ ಡಲ್ಲಾಸ್ 84-82ರಲ್ಲಿ ಸೋತಿತು. ಮೊಣಕಾಲು ಸವೆದುಹೋಗಿದ್ದ ಬ್ರ್ಯಾಂಡನ್ ರಾಯ್ ಕೊನೆಯ ಕಾಲು ಭಾಗದಲ್ಲಿ ಒಬ್ಬನೇ 18 ಹೊಡೆದ. ನನಗೆ 2006 ನೆನಪಾಯಿತು. ಎರಡು ದಿನ ನೋಟ್‌ಬುಕ್ ಮುಟ್ಟಲಿಲ್ಲ. ಅಂಥ ಸೋಲಿನ ನಂತರವೂ ಅವರು ಮುಂದಿನ ಎರಡನ್ನೂ ಗೆದ್ದು ಮೇಲೆ ಬಂದರು. ಆ ವರ್ಷದ ತಂಡ ಬೇರೆ ಥರದ್ದು ಅಂತ ನನಗೆ ಆಗಲೇ ಅನ್ನಿಸಿತು. ಹಳೆಯ ಡಲ್ಲಾಸ್ ಆಗಿದ್ದರೆ ಅಲ್ಲೇ ಕುಸಿದು ಬೀಳುತ್ತಿತ್ತು.

ಮೇ ತಿಂಗಳು ಸೂಟಿ. ಹುಬ್ಬಳ್ಳಿಗೆ ಕಾಕಾನ ಮನೆಗೆ ಹೋಗಿದ್ದೆ. ಕಾಕಾ ರೈಲ್ವೆ ವರ್ಕ್‌ಶಾಪಿನವರು. ಗದಗ ರೋಡಿನ ಕಡೆ ಕ್ವಾರ್ಟರ್ಸ್. ಚಿಕ್ಕಂದಿನಿಂದ ವಾಲಿಬಾಲ್ ಆಡಿದವರು, ಬೇರೆ ಆಟ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಮೇ 9ರ ನಡುರಾತ್ರಿ ಒಂದು ಗಂಟೆಗೆ ಲೇಕರ್ಸ್ ಎದುರು ನಾಲ್ಕನೇ ಪಂದ್ಯ. ಲೇಕರ್ಸ್ ಅಂದರೆ ಹಿಂದಿನ ಎರಡೂ ವರ್ಷ ಕಪ್ ಗೆದ್ದವರು. ಡಲ್ಲಾಸ್ ಮೊದಲ ಮೂರನ್ನೂ ಗೆದ್ದುಬಿಟ್ಟಿತ್ತು. ಟೀವಿಯ ಸೌಂಡ್ ತೆಗೆದು, ದೀಪ ಆರಿಸಿ ನೋಡುತ್ತಿದ್ದೆ. ಕಾಕಾ ನೀರು ಕುಡಿಯಲು ಎದ್ದು ಬಂದರು.

"ಏನವಾ, ಇಷ್ಟೊತ್ತಿನ್ಯಾಗ?"

"ಮ್ಯಾಚ್ ಕಾಕಾ. ಐದು ನಿಮಿಷ."

ತಂಬಿಗೆ ಹಿಡಿದುಕೊಂಡೇ ನಿಂತರು. ಅಷ್ಟರಲ್ಲಿ ಟೆರಿ ಮೂಲೆಯಿಂದ ಒಂದು ಮೂರು ಪಾಯಿಂಟ್ ಹಾಕಿದ. ಕಾಕಾ ಕೂತರು. ಇನ್ನೊಂದು ಹಾಕಿದ. ಕಾಕಾ ತಂಬಿಗೆ ಕೆಳಗಿಟ್ಟರು. ಅವತ್ತು ಟೆರಿ ಹತ್ತು ಎಸೆದು ಒಂಬತ್ತು ಹಾಕಿದ. ಇಡೀ ತಂಡದ್ದು 20. ಕಾಕಾ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಾ ಹೋದರು, ಜಪದ ಎಣಿಕೆಯ ಹಾಗೆ. 122-86. ಮುಗಿಯುವಾಗ ಮೂರು ದಾಟಿತ್ತು. "ನಾಳೆ ಐತೇನು?" ಅಂತ ಕೇಳಿದರು.

ಹೀಗೆ ಕಾಕಾ ಬಂದು ಸೇರಿದರು. ಹೆಸರು ಅವರಿಗೆ ನಾಲಿಗೆ ಮೇಲೆ ನಿಲ್ಲುತ್ತಿರಲಿಲ್ಲ, ತಾವೇ ಇಟ್ಟುಕೊಂಡರು. ಡರ್ಕ್ "ಉದ್ದಾನ ಹುಡುಗ". ಟೆರಿ "ಹಣೀಪಟ್ಟಿ". 38 ವರ್ಷದ ಜೇಸನ್ ಕಿಡ್ "ಬೋಳತಲಿ". ಟೈಸನ್ ಚಾಂಡ್ಲರ್ "ದಾಡಿ". ಪುಟಾಣಿ ಬರೇಯಾ "ಗಿಡ್ಡ". ಟೆರಿಯ ತೋಳಿನ ಮೇಲೆ ಏನೋ ಹಚ್ಚೆ ಇದೆಯಲ್ಲ ಅಂತ ಒಂದು ದಿನ ಕೇಳಿದರು. ಅದು ಎನ್‌ಬಿಎ ಕಪ್ಪಿನ ಚಿತ್ರ. ಆ ಸೀಸನ್ ಶುರುವಾಗುವ ಮೊದಲೇ ಅವನು ಹಾಕಿಸಿಕೊಂಡಿದ್ದ. "ಗೆಲ್ಲೂಕಿಂತ ಮೊದಲ?" ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಅಂವ ಸೋಲೂ ಹಂಗಿಲ್ಲ" ಅಂದರು.

ಮೇ 18ರ ಬೆಳಿಗ್ಗೆ ಒಕ್ಲಹೋಮ ಎದುರು ಸೆಮಿಫೈನಲ್ಲಿನ ಮೊದಲ ಪಂದ್ಯ. ನಾನು ಧಾರವಾಡಕ್ಕೆ ಮರಳಿದ್ದೆ. ಅವತ್ತು ಡರ್ಕ್ 48 ಪಾಯಿಂಟ್ ಹೊಡೆದ. ಆದರೆ ನಾನು ನೋಡುತ್ತಿದ್ದದ್ದು ಅವನ ಫ್ರೀ ಥ್ರೋಗಳನ್ನು ಮಾತ್ರ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಐದಾದರೆ ಅಡ್ಡಗೀಟು. ಹತ್ತಾಯಿತು. ಹದಿನೈದಾಯಿತು. ಇಪ್ಪತ್ತರ ನಂತರ ನನ್ನ ಕೈ ನಡುಗುತ್ತಿತ್ತು. 24ಕ್ಕೆ 24. ಒಂದೂ ತಪ್ಪಲಿಲ್ಲ. ಎನ್‌ಬಿಎಯಲ್ಲಿ ಒಂದೇ ಪಂದ್ಯದಲ್ಲಿ ಒಂದೂ ತಪ್ಪದೆ ಅಷ್ಟು ಹಾಕಿದವರು ಅದಕ್ಕೆ ಮೊದಲು ಇರಲಿಲ್ಲ.

ಐದು ವರ್ಷದ ಹಿಂದಿನ ಆ ಒಂದು ಬಾಲ್ ರಿಂಗಿಗೆ ಬಡಿದ ಸದ್ದು ನನ್ನ ಕಿವಿಯಲ್ಲಿ ಉಳಿದಿತ್ತು. ಅವನ ಕಿವಿಯಲ್ಲಿ ಇನ್ನೆಷ್ಟು ಉಳಿದಿರಬೇಡ?

ಒಕ್ಲಹೋಮ ಎದುರು ನಾಲ್ಕನೇ ಪಂದ್ಯದಲ್ಲಿ ಐದು ನಿಮಿಷ ಬಾಕಿ ಇರುವಾಗ 15 ಪಾಯಿಂಟ್ ಹಿಂದಿದ್ದರು. ಸಮ ಮಾಡಿ, ಹೆಚ್ಚಿನ ಅವಧಿಯಲ್ಲಿ ಗೆದ್ದರು. 4-1ರಲ್ಲಿ ಫೈನಲ್ಲಿಗೆ ಬಂದರು. ಎದುರಿಗೆ ಯಾರು? ಅದೇ ಮಿಯಾಮಿ. ಅದೇ ವೇಡ್. ಈ ಸಲ ಜೊತೆಗೆ ಲೆಬ್ರಾನ್, ಬಾಶ್.

ಮೊದಲ ಪಂದ್ಯ ಮಿಯಾಮಿಯಲ್ಲಿ, 92-84ಕ್ಕೆ ಸೋತೆವು. ಅದರಲ್ಲೇ ಡರ್ಕ್‌ನ ಎಡಗೈ ನಡುಬೆರಳಿನ ಸ್ನಾಯುರಜ್ಜು ಹರಿಯಿತು.

ಎರಡನೇ ಪಂದ್ಯ ಜೂನ್ 3, ಶುಕ್ರವಾರ, ಬೆಳಿಗ್ಗೆ ಆರೂವರೆ. ಡರ್ಕ್‌ನ ಬೆರಳಿಗೆ ಪಟ್ಟಿ ಬಿಗಿದಿದ್ದರು. ಏಳು ನಿಮಿಷ ಚಿಲ್ಲರೆ ಉಳಿದಿರುವಾಗ ವೇಡ್ ಸರಿಯಾಗಿ ಡಲ್ಲಾಸ್ ಬೆಂಚಿನ ಮುಂದೆ ನಿಂತು ಮೂರು ಪಾಯಿಂಟ್ ಹಾಕಿದ. 88-73. ಅಲ್ಲೇ ನಿಂತು ಸಂಭ್ರಮ ಮಾಡಿದ. ಲೆಬ್ರಾನ್ ಬಂದು ಸೇರಿಕೊಂಡ. ಬೆಂಚಿನ ಮೇಲೆ ಕೂತವರ ಮುಖ ಕಾಣಿಸುತ್ತಿತ್ತು.

ಅದೇ ಕ್ಷಣಕ್ಕೆ ಕರೆಂಟ್ ಹೋಯಿತು.

ಮೊಬೈಲಿನಲ್ಲಿ ಚಾರ್ಜ್ ಒಂದೇ ಕಡ್ಡಿ ಇತ್ತು. ಕಾಕಾಗೆ ಹಚ್ಚಿದೆ.

"ಕಾಕಾ, ನಿಮ್ಮಲ್ಲಿ ಕರೆಂಟ್ ಐತೇನ್ರಿ?"

"ಐತವಾ. ನೋಡಾಕತ್ತೇನಿ. ಹದಿನೈದು ಹಿಂದ ಅದೀವಿ."

"ಇಡಬ್ಯಾಡ್ರಿ. ಹೇಳಕೊಂತ ಹೋಗ್ರಿ."

ಹೀಗೆ ಆ ಏಳು ನಿಮಿಷವನ್ನು ನಾನು ಕಣ್ಣಿಂದ ನೋಡಲಿಲ್ಲ. ಅಡುಗೆಮನೆಯ ಕಿಟಕಿ ಹತ್ತಿರ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ಕೇಳಿದೆ. ಅವ್ವ ಒಲೆ ಸಣ್ಣ ಮಾಡಿ ನನ್ನ ಪಕ್ಕ ಬಂದು ನಿಂತಳು.

"ಹಣೀಪಟ್ಟಿ ಓಡಿ ಹೋದ... ಹಾಕಿದ. ಮತ್ತ ಹಣೀಪಟ್ಟಿ! ಏ, ಇವ್ರು ಬಾಲ್ ಕಳಕೊಂಡ್ರು. ದಾಡಿ ಹಿಡಕೊಂಡ, ಬಿಡವಲ್ಲ. ತಡೀ ತಡೀ."

"ಎಷ್ಟಾತ್ರಿ?"

"ಎಂಟು ಹಿಂದ... ಅಲ್ಲ, ಕಡಿಮಿ ಆತು. ನಾಕು! ಎದುರಿನವರದ್ದು ಒಂದೂ ಬೀಳವಲ್ದವಾ."

ಹಿಂದೆ ಟೀವಿಯ ಗದ್ದಲ ಕೇಳಿಸುತ್ತಿತ್ತು. ಕಾಕಾನ ಉಸಿರು ಕೇಳಿಸುತ್ತಿತ್ತು. 90-90 ಆಯಿತು. "ಸಮ!" ಅಂತ ಕೂಗಿದರು. ಕಾಕು ಒಳಗಿನಿಂದ ಏನಾಯ್ತೆಂದು ಓಡಿಬಂದದ್ದೂ ಕೇಳಿಸಿತು. ಆಮೇಲೆ ಡರ್ಕ್ ದೂರದಿಂದ ಮೂರು ಹಾಕಿದ. 93-90. ನಾನು ಅವ್ವನ ಕೈ ಹಿಡಿದುಕೊಂಡೆ. ಎರಡೇ ಸೆಕೆಂಡಿನಲ್ಲಿ ಮಿಯಾಮಿಯ ಚಾಮರ್ಸ್ ಮೂಲೆಯಿಂದ ಮೂರು ಹಾಕಿ ಮತ್ತೆ ಸಮ ಮಾಡಿದ. ಕಾಕಾ ಮಾತು ನಿಲ್ಲಿಸಿದರು. ಫೋನ್ ಬಂದ್ ಆಯಿತೇನೋ ಅಂತ ನನ್ನ ಎದೆ ಧಸಕ್ಕೆಂದಿತು.

"ಕಾಕಾ!"

"ಇದ್ದೇನವಾ. ಬಾಲ್ ಉದ್ದಾನ ಹುಡುಗನ ಕೈಯಾಗ ಐತಿ. ನಿಂತಾನ. ಹತ್ತು ಸೆಕೆಂಡು. ಹೊಂಟ... ಎಡಕ ಹೊಂಟ... ಎಡಗೈಲೆ! ಪಟ್ಟಿ ಕಟ್ಟಿದ ಕೈಲೆ ಹಾಕಿದ ನೋಡವಾ! ಪಟ್ಟಿ ಕಟ್ಟಿದ ಕೈಲೆ!"

95-93. ಉಳಿದದ್ದು 3.6 ಸೆಕೆಂಡ್. ವೇಡ್ ಎಸೆದದ್ದು ಬೀಳಲಿಲ್ಲ. ಕಾಕಾ ಏನೋ ಹೇಳುತ್ತಿದ್ದರು, ಅಷ್ಟರಲ್ಲಿ ನನ್ನ ಫೋನ್ ಸತ್ತಿತು. ಕೊನೆಯ ಏಳು ನಿಮಿಷದಲ್ಲಿ ಡಲ್ಲಾಸ್ 22, ಮಿಯಾಮಿ 5. ರಾತ್ರಿ ಟೀವಿಯಲ್ಲಿ ಮರುಪ್ರಸಾರ ನೋಡಿದೆ. ಎಲ್ಲವೂ ಕಾಕಾ ಹೇಳಿದ ಹಾಗೇ ಇತ್ತು. ಆದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಕಾಕಾನ ದನಿಯಲ್ಲಿ ಬಂದ ಪಂದ್ಯವೇ.

ಮೂರನೆಯದು 88-86ಕ್ಕೆ ಹೋಯಿತು. ಕೊನೆಯ ಶಾಟ್ ಡರ್ಕ್‌ನದೇ, ಬೀಳಲಿಲ್ಲ. 2-1ಕ್ಕೆ ಮತ್ತೆ ನಾವು ಹಿಂದೆ.

ನಾಲ್ಕನೇ ಪಂದ್ಯದ ದಿನ, ಜೂನ್ 8, ಮಿರಗ ಕೂಡಿತ್ತು. ರಾತ್ರಿಯಿಡೀ ಮಳೆ. ಹಂಚಿನ ಮೇಲಿಂದ ನೀರು ಸುರಿಯುವ ಸದ್ದಿನಲ್ಲಿ ಟೀವಿಯ ಮಾತು ಕೇಳಿಸುತ್ತಿರಲಿಲ್ಲ. ಡರ್ಕ್‌ಗೆ 101 ಡಿಗ್ರಿ ಜ್ವರ. ವಿಶ್ರಾಂತಿಗೆ ಕರೆದಾಗಲೆಲ್ಲ ಟವೆಲ್ ಹೊದ್ದು ಕೂರುತ್ತಿದ್ದ. ಕೆಮ್ಮುತ್ತಿದ್ದ. ಅವ್ವ ನೋಡಲಾರದೆ "ಆ ಕೂಸಿಗೆ ಯಾರರೆ ಕಷಾಯ ಕೊಡಬಾರದೇನ?" ಅಂದಳು. ಕೊನೆಯ ಕಾಲು ಭಾಗದಲ್ಲಿ ಆ ಜ್ವರದಲ್ಲೇ 10 ಪಾಯಿಂಟ್ ಹೊಡೆದ. 86-83. 2-2.

ಕೋಚ್ ರಿಕ್ ಕಾರ್ಲೈಲ್ ಅವತ್ತು ಮಾಡಿದ ಒಂದು ಬದಲಾವಣೆ ನನಗೆ ಬಹಳ ಹಿಡಿಸಿತು. ಗಿಡ್ಡ ಬರೇಯಾನನ್ನು ಶುರುವಿನಿಂದಲೇ ಇಳಿಸಿದರು. ಫೈನಲ್ಲಿನ ನಡುವೆ ಹಾಗೆ ತಂಡ ಬದಲಿಸಲು ಗಟ್ಟಿ ಗುಂಡಿಗೆ ಬೇಕು. ಮಿಯಾಮಿಯ ದೊಡ್ಡ ದೊಡ್ಡ ಆಟಗಾರರ ಕಾಲ ಸಂದಿಯಲ್ಲಿ ಅವನು ನುಸುಳಿ ಹೋಗುವುದನ್ನು ನೋಡಿ ಕಾಕಾಗಂತೂ ಜೀವ ಬಂತು. "ಉದ್ದಾನವ ಹೊರಗ, ಗಿಡ್ಡ ಒಳಗ! ಉಲ್ಟಾ ಆಟ!" ಅಂದರು. ನನ್ನ ಪಿ.ಟಿ. ಸರ್ ಹೇಳಿದ್ದು ನೆನಪಾಯಿತು. ಅವರೂ ಎಲ್ಲೋ ಕೂತು ಇದನ್ನು ನೋಡುತ್ತಿರಲಿ ಅಂತ ಅನ್ನಿಸಿತು.

ಐದನೆಯದು 112-103. ಮೂರು ಪಾಯಿಂಟಿನವು 19 ಎಸೆದು 13 ಹಾಕಿದರು. ಇನ್ನು ಒಂದೇ ಒಂದು.

ಆರನೇ ಪಂದ್ಯ ಜೂನ್ 13, ಸೋಮವಾರ, ಬೆಳಿಗ್ಗೆ ಐದೂವರೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದ ಸದ್ದು. ತೆಗೆದರೆ ಕಾಕಾ. ಕೊಡೆ ಮಡಚುತ್ತಾ ನಿಂತಿದ್ದರು. "ಫೋನಿನ್ಯಾಗ ಬ್ಯಾಡ ಅಂತ ಬಂದೆ. ಅರ್ಧ ದಿನ ರಜಾ ಹಾಕೇನಿ" ಅಂದರು. ಅವ್ವ ರೊಟ್ಟಿ ಬಡಿಯಲು ಕೂತಳು.

ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಐದಕ್ಕೆ ಚಹಾ ಆಯಿತು. ಪಂದ್ಯ ಶುರುವಾಯಿತು. ಡರ್ಕ್ ಎಸೆದ ಬಾಲ್ ಬೀಳಲಿಲ್ಲ. ಮತ್ತೆ ಎಸೆದ, ಬೀಳಲಿಲ್ಲ. ಅವನದೇ ಆದ ಒಂಟಿಗಾಲಿನ ಶಾಟ್ ಇದೆಯಲ್ಲ, ಬಲ ಮೊಣಕಾಲು ಮೇಲೆತ್ತಿ, ಎಡಗಾಲಿನ ಮೇಲೆ ಹಿಂದಕ್ಕೆ ವಾಲಿ ಎಸೆಯುವುದು, ಅದೂ ಬೀಳಲಿಲ್ಲ. ಅರ್ಧ ಪಂದ್ಯ ಮುಗಿದಾಗ 12 ಎಸೆದು ಒಂದು ಹಾಕಿದ್ದ. ಬರೀ 3 ಪಾಯಿಂಟ್. ನನ್ನ ಕಾಲು ತಣ್ಣಗಾಗಿದ್ದವು.

ಆದರೆ ಸ್ಕೋರು ನೋಡಿದರೆ ಡಲ್ಲಾಸ್ 53, ಮಿಯಾಮಿ 51. ಮುಂದಿದ್ದೇವೆ! ಟೆರಿ ಒಬ್ಬನೇ 19 ಹಾಕಿದ್ದ. ಐದು ವರ್ಷದ ಹಿಂದೆ ಡರ್ಕ್ ಜೊತೆ ಸೋತಿದ್ದ ಇನ್ನೊಬ್ಬ. "ನೋಡು, ಇವತ್ತು ಅಂವನ ಪಾಳಿ" ಅಂದರು ಕಾಕಾ. ಅವ್ವ ಮಾತ್ರ ಡರ್ಕ್ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. "ಹಾಕ್ತಾನ. ಹಸದು ಕುಂತವರು ಒಮ್ಮೆ ಉಣ್ತಾರ" ಅಂದಳು.

ಎರಡನೇ ಅರ್ಧದಲ್ಲಿ ಅವನು 18 ಹಾಕಿದ. ಒಂಟಿಗಾಲಿನದೂ ಬಿತ್ತು. ಒಂದು ಸಲ ಮೂಲೆಯಿಂದ ಹಿಂದಕ್ಕೆ ಬೀಳುತ್ತಾ ಎಸೆದಾಗ ಕಾಕಾ ಕುರ್ಚಿ ಮೇಲೆ ಕೂತಲ್ಲೇ ತಾವೂ ಹಿಂದಕ್ಕೆ ವಾಲಿದರು. ಟೆರಿಯದು ಒಟ್ಟು 27. ಕೊನೆಯ ನಿಮಿಷಕ್ಕೆ ಮಿಯಾಮಿಯ ಜನ ಎದ್ದು ಹೊರಡುತ್ತಿದ್ದರು. 105-95. 1980ರಲ್ಲಿ ಶುರುವಾದ ತಂಡಕ್ಕೆ ಮೊದಲ ಕಪ್. ಅದೂ ಅದೇ ಮಿಯಾಮಿಯ ಅಂಗಳದಲ್ಲಿ.

ಗಂಟೆ ಬಾರಿಸುವ ಮೊದಲೇ ಡರ್ಕ್ ಕಾಣೆಯಾದ. ಮೇಜು ದಾಟಿ, ಒಬ್ಬನೇ, ಮುಖ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟ. ಎಲ್ಲರೂ ಅಪ್ಪಿಕೊಂಡು ಕುಣಿಯುತ್ತಿದ್ದಾರೆ, ಅವನೇ ಇಲ್ಲ.

"ಎಲ್ಲಿ ಹೋದ?" ಅಂದರು ಕಾಕಾ.

"ಅಳಾಕ ಹೋಗ್ಯಾನ" ಅಂದಳು ಅವ್ವ.

ನಾವು ಮೂವರೂ ಟೀವಿ ಮುಂದೆ ಕಾದೆವು. ನನಗೆ 2006ರ ಆ ರಿಂಗು, ಕಪ್ಪು ಸೂಟಿನ ಆ ಫೋಟೋ, ಸೈಬರ್ ಸೆಂಟರಿನ ಕುರ್ಚಿ ಎಲ್ಲ ಕಣ್ಣ ಮುಂದೆ ಬಂದು ಗಂಟಲು ಕಟ್ಟಿತು. ಕಾಕಾ ನನ್ನ ತಲೆ ಮೇಲೆ ಕೈಯಿಟ್ಟರು. ಏನೂ ಮಾತಾಡಲಿಲ್ಲ. ಯಾರೋ ಒಳಗೆ ಹೋಗಿ ಕರೆತಂದಿರಬೇಕು, ಡರ್ಕ್ ಹೊರಗೆ ಬಂದ. ಕಣ್ಣು ಕೆಂಪಾಗಿದ್ದವು. ಫೈನಲ್ಲಿನ ಶ್ರೇಷ್ಠ ಆಟಗಾರ ಅಂತ ಅವನ ಹೆಸರು ಕರೆದರು. ಕಪ್ ಎತ್ತಿ ಹಿಡಿದ. ಅವ್ವ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದಳು.

ಒಂಬತ್ತಕ್ಕೆ ಮಳೆ ಬಿಟ್ಟಿತ್ತು. ಕಾಕಾನನ್ನು ಬಸ್ಸಿಗೆ ಬಿಡಲು ಹೊರಟೆ. ದಾರಿಯಲ್ಲಿ ಎತ್ತುಗಳ ಕೊರಳಿಗೆ ಕಟ್ಟುವ ಹಗ್ಗ, ಗೊಂಡೆ ಮಾರಲು ಕೂತಿದ್ದರು. ಇನ್ನೆರಡು ದಿನಕ್ಕೆ ಕಾರಹುಣ್ಣಿಮೆ. ಕಾಕಾ ಲೈನ್ ಬಜಾರಿಗೆ ಹೋಗೋಣ ಅಂದರು. ಒಂದು ಕಿಲೋ ಪೇಢೆ ಕಟ್ಟಿಸಿದರು. ರೊಕ್ಕ ಕೊಡಲು ಹೋದರೆ ನನ್ನ ಕೈ ಹಿಂದಕ್ಕೆ ಸರಿಸಿದರು. ಪೊಟ್ಟಣ ಇನ್ನೂ ಬೆಚ್ಚಗಿತ್ತು. ಅಲ್ಲೇ ಬಿಚ್ಚಿ ಒಂದು ತೆಗೆದು ನನ್ನ ಬಾಯಿಗೆ ಹಾಕಿದರು. ಮೇಲಿನ ಸಕ್ಕರೆ ಪುಡಿ ನನ್ನ ದುಪಟ್ಟಾದ ಮೇಲೆಲ್ಲ ಉದುರಿತು.

ಸಂಜೆ ಫೋನ್ ಬಂತು.

"ಪೇಢೆ ಸಾಲಲಿಲ್ಲವಾ. ಇಡೀ ಶಾಪಿಗೆ ಹಂಚಿದೆ."

"ಯಾತರ ಸಲುವಾಗಿ ಅಂತ ಕೇಳಿಲ್ಲೇನ್ರಿ?"

"ಕೇಳಿದ್ರು. ನಮ್ಮ ಹುಡುಗ ಗೆದ್ದ ಅಂದೆ. ಎಷ್ಟು ವಯಸ್ಸು ಅಂದ್ರು. ಮೂವತ್ತೆರಡು, ವಾರ ಬಿಟ್ಟು ಮೂವತ್ಮೂರು ಅಂದೆ. ಇಷ್ಟು ದಿನ ಏನ್ ಮಾಡ್ತಿದ್ದ ಅಂತ ಒಬ್ಬಂವ ಕೇಳಿದ."

"ಏನಂದ್ರಿ?"

"ದಿನಾ ಒಗೀತಿದ್ದ ಅಂದೆ."

ಫೋನ್ ಇಟ್ಟು ಬಾಲ್ ತೆಗೆದುಕೊಂಡು ಮೈದಾನಕ್ಕೆ ಹೋದೆ. ಸುಣ್ಣದ ಗೆರೆ ಮಳೆಗೆ ಹೋಗಿತ್ತು. ಆರು ಹೆಜ್ಜೆ ಎಣಿಸಿ, ಹಿಮ್ಮಡಿಯಿಂದ ಹಸಿ ಮಣ್ಣು ಗೀರಿ, ನಿಂತೆ.